ಬೆನ್ನೆಲುಬಿನ ಶಸ್ತ್ರಚಿಕಿತ್ಸೆ ಮತ್ತು ಬಿಂಬ ಮಾರ್ಗದರ್ಶನ

ಪುಣೆ ನಗರದ ಈಶಾನ್ಯ ಭಾಗದಲ್ಲಿ, ಲೋಹಗಾಂವ್ ವಿಮಾನ ನಿಲ್ದಾಣದ ಸಮೀಪದಲ್ಲೇ ಬೆಳೆದಿರುವ ಬಡಾವಣೆಗೆ ವಿಮಾನ ನಗರವೆಂದು ಹೆಸರು. 1939ರಲ್ಲಿ ವಾಯುಪಡೆಯ ನೆಲೆಯಾಗಿ ಆರಂಭವಾದ ಲೋಹಗಾಂವ್ ನಿಲ್ದಾಣದಲ್ಲಿ ಇಂದು ಪ್ರಯಾಣಿಕರ ವಿಮಾನಗಳೂ ಇಳಿಯುತ್ತವೆ. ಮಳೆಗಾಲದ ದಟ್ಟ ಮೋಡಗಳ ನಡುವೆ ಇಳಿಯುವ ವಿಮಾನದ ಚಾಲಕನಿಗೆ ನೆಲವು ಬಹು ಹೊತ್ತು ಕಣ್ಣಿಗೆ ಬೀಳುವುದಿಲ್ಲ. ತಾನಿರುವ ಸ್ಥಳ, ಎತ್ತರ ಮತ್ತು ದಿಕ್ಕುಗಳನ್ನು ಅವನು ಉಪಕರಣಗಳ ಸೂಚನೆಯಿಂದಲೇ ಅರಿಯುತ್ತಾನೆ. ಕಣ್ಣಿಗೆ ಕಾಣದ ದಾರಿಯಲ್ಲಿ ಅಳತೆಯ ಆಧಾರದಿಂದ ಸಾಗುವ ಈ ವಿದ್ಯೆಗೆ ನ್ಯಾವಿಗೇಷನ್ ಅಥವಾ ಪಥದರ್ಶನ ಎನ್ನುತ್ತಾರೆ. ಕಳೆದ ಮೂರು ದಶಕಗಳಲ್ಲಿ ಈ ವಿದ್ಯೆಯು ಶಸ್ತ್ರಚಿಕಿತ್ಸಾ ಕೊಠಡಿಯನ್ನೂ ಪ್ರವೇಶಿಸಿದೆ. ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಲ್ಲಿ ಅದರ ಪಾತ್ರವೇನು, ಅದರಿಂದ ದೊರೆಯುವ ಪ್ರಯೋಜನವೆಷ್ಟು, ಅದರ ಮಿತಿ ಯಾವುದು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಬೆನ್ನುಹುರಿಗೆ ಪೆಟ್ಟು ಬಿದ್ದರೆ ಮನುಷ್ಯನ ಬಾಳು ಹೇಗೆ ಬದಲಾಗುವುದೆಂಬುದನ್ನು ಪುಣೆ ಚೆನ್ನಾಗಿ ಬಲ್ಲದು. ಇದೇ ನಗರದ ಖಡಕಿಯಲ್ಲಿ ಬೆನ್ನುಹುರಿಯ ಗಾಯದಿಂದ ಕಾಲುಗಳ ಸ್ವಾಧೀನ ಕಳೆದುಕೊಂಡ ಸೈನಿಕರಿಗಾಗಿ ಪುನರ್ವಸತಿ ಕೇಂದ್ರವಿದೆ. 1965ರ ಯುದ್ಧದಲ್ಲಿ ಗುಂಡೇಟಿಗೆ ಸಿಕ್ಕಿ ಸೊಂಟದ ಕೆಳಗಿನ ಶಕ್ತಿಯನ್ನು ಕಳೆದುಕೊಂಡ ಮುರಳೀಕಾಂತ ಪೇಟ್ಕರ್ ಅವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಈಜಿ, ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನವನ್ನು ತಂದರು. ಅದೇ 1965ರಲ್ಲಿ ಎವರೆಸ್ಟ್ ಶಿಖರವನ್ನೇರಿ, ಅದೇ ವರ್ಷದ ಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾಗಿ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ಅವರು ಮುಂದೆ ದೆಹಲಿಯಲ್ಲಿ ಭಾರತೀಯ ಬೆನ್ನುಹುರಿ ಗಾಯಗಳ ಕೇಂದ್ರವನ್ನು ಕಟ್ಟಿದರು. ಇಂತಹ ಧೀರರ ಸಾಧನೆ ಎಷ್ಟೇ ದೊಡ್ಡದಾದರೂ, ಕಡಿದುಹೋದ ಬೆನ್ನುಹುರಿಯನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇಂದಿಗೂ ಲಭ್ಯವಿಲ್ಲ. ಆದ್ದರಿಂದ ಬೆನ್ನುಹುರಿಯ ಪಕ್ಕದಲ್ಲಿ ಕೆಲಸ ಮಾಡುವ ಶಸ್ತ್ರವೈದ್ಯನಿಗೆ ಒಂದೊಂದು ಮಿಲಿಮೀಟರೂ ಮುಖ್ಯ.

ಬೆನ್ನೆಲುಬಿನ ರಚನೆ

ಮಾನವನ ಬೆನ್ನೆಲುಬು ಒಂದೇ ಮೂಳೆಯಲ್ಲ. ಒಂದರ ಮೇಲೊಂದು ಜೋಡಿಸಿದ ಕಶೇರುಮಣಿಗಳ ಸಾಲು. ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12 ಮತ್ತು ಸೊಂಟದಲ್ಲಿ 5, ಹೀಗೆ ಒಟ್ಟು 24 ಮಣಿಗಳು ಬಿಡಿಬಿಡಿಯಾಗಿದ್ದು ಚಲಿಸಬಲ್ಲವು. ಅವುಗಳ ಕೆಳಗೆ ಒಂದಾಗಿ ಬೆಸೆದುಕೊಂಡಿರುವ ತ್ರಿಕಾಸ್ಥಿ ಹಾಗೂ ಬಾಲದ ಮೂಳೆಗಳಿವೆ. ಪ್ರತಿಯೊಂದು ಮಣಿಯ ಮುಂಭಾಗವು ಸಣ್ಣ ಡೋಲಿನ ಆಕಾರದಲ್ಲಿದ್ದು ದೇಹದ ಭಾರವನ್ನು ಹೊರುತ್ತದೆ. ಹಿಂಭಾಗದಲ್ಲಿ ಮೂಳೆಯ ಕಮಾನು ಇದೆ. ಈ ಕಮಾನುಗಳು ಸಾಲಾಗಿ ಕೂಡಿದಾಗ ಉಂಟಾಗುವ ಕೊಳವೆಯೊಳಗೆ ಬೆನ್ನುಹುರಿಯು ಸುರಕ್ಷಿತವಾಗಿರುತ್ತದೆ. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ ಮುಗಿಯುತ್ತದೆ. ಅದರ ಕೆಳಗೆ ನರಗಳ ಗೊಂಚಲು ಇಳಿಯುತ್ತದೆ. ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಕೈಕಾಲು, ಮೂತ್ರಕೋಶ, ಕರುಳು ಮುಂತಾದ ಅಂಗಗಳನ್ನು ಮಿದುಳಿನೊಡನೆ ಜೋಡಿಸುತ್ತವೆ.

ಮುಂದಿನ ಡೋಲಿಗೂ ಹಿಂದಿನ ಕಮಾನಿಗೂ ನಡುವೆ ಎಡಕ್ಕೊಂದು ಬಲಕ್ಕೊಂದು ಗಿಡ್ಡನೆಯ ಮೂಳೆಯ ಸೇತುವೆಗಳಿವೆ. ವೈದ್ಯರು ಇದನ್ನು ಪೆಡಿಕಲ್ ಎನ್ನುತ್ತಾರೆ. ಹಣ್ಣನ್ನು ಕೊಂಬೆಗೆ ಹಿಡಿದಿಡುವ ತೊಟ್ಟಿನಂತೆ ಇದು ಮಣಿಯ ಎರಡು ಭಾಗಗಳನ್ನು ಹಿಡಿದಿಡುವುದರಿಂದ ಇದನ್ನು ಮೂಳೆತೊಟ್ಟು ಎಂದು ಕರೆಯಬಹುದು. ಈ ಪಾಠದ ಕೇಂದ್ರಬಿಂದು ಈ ಪುಟ್ಟ ತೊಟ್ಟೇ ಆಗಿದೆ.

ಸ್ಕ್ರೂ ಸಾಗುವ ಇಕ್ಕಟ್ಟಾದ ದಾರಿ

ಅಪಘಾತದಲ್ಲಿ ಮಣಿ ಮುರಿದಾಗ, ಕ್ಷಯ ಅಥವಾ ಗಂತಿಯಿಂದ ಮಣಿ ಶಿಥಿಲವಾದಾಗ, ಒಂದು ಮಣಿ ಇನ್ನೊಂದರ ಮೇಲಿಂದ ಜಾರಿದಾಗ, ಬೆಳೆಯುವ ಮಕ್ಕಳ ಬೆನ್ನೆಲುಬು ಪಕ್ಕಕ್ಕೆ ಬಾಗಿ ತಿರುಚಿಕೊಂಡಾಗ, ಮಣಿಗಳನ್ನು ಲೋಹದ ಸ್ಕ್ರೂ ಮತ್ತು ಸರಳುಗಳಿಂದ ಭದ್ರಪಡಿಸಬೇಕಾಗಬಹುದು. ಹಿಂಬದಿಯಿಂದ ಮೂಳೆತೊಟ್ಟಿನ ಮೂಲಕ ಮಣಿಯ ಡೋಲಿನೊಳಗೆ ಸ್ಕ್ರೂ ಸೇರಿಸುವ ವಿಧಾನವನ್ನು ಫ್ರಾನ್ಸಿನ ಶಸ್ತ್ರವೈದ್ಯ ರೇಮಂಡ್ ರಾಯ್-ಕಮಿಲ್ ಅವರು 1963ರಲ್ಲಿ ಬಳಕೆಗೆ ತಂದರು. ಸ್ಕ್ರೂವಿಗೆ ಇಲ್ಲಿ ದೊರೆಯುವಷ್ಟು ಬಲವಾದ ಹಿಡಿತ ಬೇರೆಡೆ ದೊರೆಯುವುದು ಕಷ್ಟ. ಹೀಗಾಗಿ ಈ ವಿಧಾನವು ಲೋಕದೆಲ್ಲೆಡೆ ಹಬ್ಬಿತು.

ಆದರೆ ಈ ದಾರಿ ಬಹು ಇಕ್ಕಟ್ಟಾದುದು. ಸೊಂಟದ ಕೊನೆಯ ಮಣಿಯ ತೊಟ್ಟು ಒಂದು ಸೆಂಟಿಮೀಟರಿಗಿಂತ ಅಗಲವಾಗಿರುತ್ತದೆ. ಎದೆಯ ಮಧ್ಯಭಾಗದ ಮಣಿಗಳಲ್ಲಿ ಅದು ಅನೇಕರಿಗೆ 4–5 ಮಿಲಿಮೀಟರ್ ಮಾತ್ರ. ಸ್ಕ್ರೂವಿನ ದಪ್ಪವೂ ಬಹುಮಟ್ಟಿಗೆ ಅಷ್ಟೇ. ತೊಟ್ಟಿನ ಒಳಮಗ್ಗುಲಿನಲ್ಲಿ ಬೆನ್ನುಹುರಿ, ಕೆಳಮಗ್ಗುಲಿನಲ್ಲಿ ಹೊರಹೊಮ್ಮುವ ನರ, ಮುಂದುಗಡೆ ಮಹಾಪಧಮನಿ, ಪಕ್ಕದಲ್ಲಿ ಶ್ವಾಸಕೋಶದ ಹೊದಿಕೆ. ಸ್ಕ್ರೂವಿನ ದಿಕ್ಕು 5 ಡಿಗ್ರಿಯಷ್ಟು ತಪ್ಪಿದರೆ, 40 ಮಿಲಿಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಅದರ ತುದಿ ಸುಮಾರು ಮೂರೂವರೆ ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೊಟ್ಟುಗಳ ಹಾಗೂ ಸ್ಕ್ರೂಗಳ ಅಳತೆಯನ್ನು ಹೋಲಿಸಿ, ಎಷ್ಟು ತಪ್ಪನ್ನು ಮೂಳೆ ತಾಳಬಲ್ಲದೆಂದು ಲೆಕ್ಕ ಹಾಕಿತು. ಸೊಂಟದ ಐದನೆಯ ಮಣಿಯಲ್ಲಿ 3.8 ಮಿಲಿಮೀಟರಿನಷ್ಟು ಅವಕಾಶವಿದ್ದರೆ, ಎದೆಯ ಐದನೆಯ ಮಣಿಯಲ್ಲಿ ಉಳಿದದ್ದು ಸೊನ್ನೆ. ಅಲ್ಲಿ ತಪ್ಪಿಗೆ ಎಡೆಯೇ ಇಲ್ಲ.

ಕ್ಷ-ಕಿರಣದಿಂದ ಮೂರು ಆಯಾಮದ ಬಿಂಬದವರೆಗೆ

ಮೂಳೆತೊಟ್ಟು ಸ್ನಾಯುಗಳ ಕೆಳಗೆ, ಕಮಾನಿನ ಮರೆಯಲ್ಲಿ ಅಡಗಿರುತ್ತದೆ. ಶಸ್ತ್ರವೈದ್ಯನಿಗೆ ಕಾಣುವುದು ಕಮಾನಿನ ಹಿಂಭಾಗ ಮಾತ್ರ. ಮೂಳೆಯ ಮೇಲಿನ ಗುರುತುಗಳು, ಕೈಗೆ ದೊರೆಯುವ ಸ್ಪರ್ಶ ಮತ್ತು ಅನುಭವ, ಇವೇ ಬಹುಕಾಲ ಅವನ ಮಾರ್ಗದರ್ಶಿಗಳಾಗಿದ್ದವು. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷ-ಕಿರಣವು ಇದಕ್ಕೆ ನೆರವಾಯಿತು. ಶಸ್ತ್ರಚಿಕಿತ್ಸಾ ಮೇಜಿನ ಸುತ್ತ ಅರ್ಧಚಂದ್ರಾಕಾರವಾಗಿ ಬಾಗಿದ ಸಿ-ಆರ್ಮ್ ಎಂಬ ಯಂತ್ರವು ಇಂದಿಗೂ ಬಹುತೇಕ ಆಸ್ಪತ್ರೆಗಳಲ್ಲಿ ಈ ಕೆಲಸವನ್ನು ಮಾಡುತ್ತಿದೆ. ಆದರೆ ಸಾಮಾನ್ಯ ಕ್ಷ-ಕಿರಣ ಚಿತ್ರವು ಒಂದು ನೆರಳು ಮಾತ್ರ. ಅದರಲ್ಲಿ ಉದ್ದಗಲ ಕಾಣುತ್ತವೆ; ಆಳ ಕಾಣುವುದಿಲ್ಲ.

ಈ ಕೊರತೆಯನ್ನು ನೀಗಿಸಿದುದು ಸಿ.ಟಿ. ಸ್ಕ್ಯಾನ್. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರು ರೂಪಿಸಿದ ಈ ಯಂತ್ರದಿಂದ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರವನ್ನು ತೆಗೆಯಲಾಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ದೇಹವನ್ನು ತೆಳುವಾದ ಹೋಳುಗಳಂತೆ ತೋರಿಸಿ, ಆ ಹೋಳುಗಳಿಂದ ಮೂರು ಆಯಾಮದ ರೂಪವನ್ನು ಕಟ್ಟಿಕೊಡುವುದು ಸಿ.ಟಿ.ಯ ವಿಶೇಷ.

ದೇಹದೊಳಗಿನ ಒಂದು ಬಿಂದುವನ್ನು ಮೂರು ಅಳತೆಗಳಿಂದ ಗುರುತಿಸುವ ಯೋಚನೆ ಇದಕ್ಕಿಂತ ಹಳೆಯದು. 1908ರಲ್ಲಿಯೇ ಲಂಡನ್ನಿನ ಹಾರ್ಸ್ಲಿ ಮತ್ತು ಕ್ಲಾರ್ಕ್ ಅವರು ಪ್ರಾಣಿಗಳ ಮಿದುಳಿನ ಅಧ್ಯಯನಕ್ಕಾಗಿ ಇಂತಹ ಉಪಕರಣವನ್ನು ಪ್ರಕಟಿಸಿದ್ದರು. 1947ರಲ್ಲಿ ಅಮೆರಿಕದ ಸ್ಪೀಗೆಲ್ ಮತ್ತು ವೈಸಿಸ್ ಅವರು ಅದನ್ನು ಮನುಷ್ಯರಿಗೆ ಅನ್ವಯಿಸಿದರು. ಆಗ ತಲೆಗೆ ಲೋಹದ ಚೌಕಟ್ಟನ್ನು ಬಿಗಿಯಬೇಕಾಗಿತ್ತು. 1980ರ ದಶಕದಲ್ಲಿ ಗಣಕಯಂತ್ರದ ನೆರವಿನಿಂದ ಚೌಕಟ್ಟಿಲ್ಲದ ವಿಧಾನಗಳು ಬಂದವು. 1990ರ ದಶಕದ ನಡುವಿನಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್, ಅಮೆರಿಕದ ಕ್ಲೀವ್‌ಲೆಂಡ್ ಮೊದಲಾದ ಕೇಂದ್ರಗಳಲ್ಲಿ ಇದನ್ನು ಬೆನ್ನೆಲುಬಿಗೆ ಬಳಸಲಾರಂಭಿಸಿದರು. ಮುಂದೆ ಶಸ್ತ್ರಚಿಕಿತ್ಸಾ ಮೇಜಿನ ಮೇಲೆಯೇ ಮೂರು ಆಯಾಮದ ಚಿತ್ರ ತೆಗೆಯಬಲ್ಲ ಯಂತ್ರಗಳು ಬಂದುದರಿಂದ ಈ ವಿಧಾನ ಮತ್ತಷ್ಟು ಸುಲಭವಾಯಿತು.

ನಕಾಶೆಯನ್ನು ದೇಹಕ್ಕೆ ಹೊಂದಿಸುವ ಬಗೆ

ಬಿಂಬ ಮಾರ್ಗದರ್ಶನದ ವ್ಯವಸ್ಥೆಯಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ: ಮೂರು ಆಯಾಮದ ಬಿಂಬ, ರೋಗಿಯ ಮೂಳೆಗೆ ಬಿಗಿದ ಗುರುತಿನ ಚೌಕಟ್ಟು, ಅದನ್ನು ನೋಡುವ ಕ್ಯಾಮೆರಾ, ಮತ್ತು ಇವೆಲ್ಲವನ್ನೂ ಲೆಕ್ಕ ಹಾಕುವ ಗಣಕಯಂತ್ರ.

ಗುರುತಿನ ಚೌಕಟ್ಟನ್ನು ಕಶೇರುಮಣಿಯ ಹಿಂದಿನ ಮುಳ್ಳಿಗೆ ಅಥವಾ ಸೊಂಟದ ಎಲುಬಿಗೆ ಭದ್ರವಾಗಿ ಬಿಗಿಯಲಾಗುತ್ತದೆ. ಅದರ ಮೇಲೆ ಬೆಳಕನ್ನು ಪ್ರತಿಫಲಿಸುವ ಪುಟ್ಟ ಗುಂಡುಗಳಿರುತ್ತವೆ. ಶಸ್ತ್ರವೈದ್ಯನ ಉಪಕರಣಗಳಿಗೂ ಇಂತಹ ಗುಂಡುಗಳನ್ನು ಜೋಡಿಸಿರುತ್ತಾರೆ. ಮೇಜಿನಿಂದ ತುಸು ದೂರದಲ್ಲಿ ನಿಲ್ಲಿಸಿದ ಜೋಡಿ ಕ್ಯಾಮೆರಾ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಮೂಲಕ ಈ ಗುಂಡುಗಳನ್ನು ನೋಡುತ್ತದೆ. ಎರಡು ಕಣ್ಣುಗಳಿಂದ ಮನುಷ್ಯನು ದೂರವನ್ನು ಅಂದಾಜು ಮಾಡುವಂತೆ, ಎರಡು ಕ್ಯಾಮೆರಾಗಳಿಂದ ಗಣಕಯಂತ್ರವು ಪ್ರತಿ ಗುಂಡಿನ ಸ್ಥಾನವನ್ನು ಕಂಡುಕೊಳ್ಳುತ್ತದೆ. ಹೀಗೆ ಉಪಕರಣದ ತುದಿ ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂಬುದು ಕ್ಷಣಕ್ಷಣಕ್ಕೂ ತಿಳಿಯುತ್ತದೆ.

ಇನ್ನು ಉಳಿಯುವುದು ಅತಿ ಮುಖ್ಯವಾದ ಹೆಜ್ಜೆ. ತೆರೆಯ ಮೇಲಿನ ಬಿಂಬವನ್ನೂ ಮೇಜಿನ ಮೇಲಿನ ದೇಹವನ್ನೂ ಒಂದಕ್ಕೊಂದು ಹೊಂದಿಸಬೇಕು. ಹಳ್ಳಿಯಲ್ಲಿ ಹೊಲವನ್ನು ಅಳೆಯುವ ಮೋಜಿಣಿದಾರನ ಕೆಲಸವನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅವನ ಕೈಯಲ್ಲಿ ನಕಾಶೆಯಿದೆ, ಮುಂದೆ ಹೊಲವಿದೆ. ನಕಾಶೆಯಲ್ಲಿರುವ ಗಡಿಕಲ್ಲುಗಳನ್ನು ಹೊಲದಲ್ಲಿ ಗುರುತಿಸಿ ಹೊಂದಿಸಿದ ಮೇಲೆಯೇ ಉಳಿದ ಅಳತೆಗಳಿಗೆ ಅರ್ಥ ಬರುತ್ತದೆ. ಕಲ್ಲು ಸರಿದಿದ್ದರೆ ನಕಾಶೆ ಎಷ್ಟೇ ಸರಿಯಾಗಿದ್ದರೂ ಹದ್ದು ತಪ್ಪುತ್ತದೆ. ಶಸ್ತ್ರಚಿಕಿತ್ಸೆಯಲ್ಲಿಯೂ ಇದೇ ನಿಯಮ. ಮೂಳೆಯ ಮೇಲಿನ ಕೆಲವು ಬಿಂದುಗಳನ್ನು ಕಡ್ಡಿಯಿಂದ ಮುಟ್ಟಿ, ಅವೇ ಬಿಂದುಗಳನ್ನು ಬಿಂಬದಲ್ಲಿ ಗುರುತಿಸಿ ಹೊಂದಿಸುವುದು ಹಳೆಯ ಕ್ರಮ. ಮೇಜಿನ ಮೇಲೆಯೇ ಚಿತ್ರ ತೆಗೆಯುವ ಹೊಸ ಯಂತ್ರಗಳಲ್ಲಿ ಈ ಹೊಂದಾಣಿಕೆ ತಾನಾಗಿಯೇ ಆಗುತ್ತದೆ.

ಹೊಂದಾಣಿಕೆ ಮುಗಿದ ಮೇಲೆ ಶಸ್ತ್ರವೈದ್ಯನು ಉಪಕರಣವನ್ನು ಮೂಳೆಯ ಮೇಲಿಟ್ಟೊಡನೆ ಅದರ ದಾರಿ ತೆರೆಯ ಮೇಲೆ ಮೇಲಿನಿಂದ, ಪಕ್ಕದಿಂದ ಹಾಗೂ ಅಡ್ಡಸೀಳಿನಲ್ಲಿ ಗೋಚರಿಸುತ್ತದೆ. ಸ್ಕ್ರೂ ಎಷ್ಟು ದಪ್ಪವಿರಬೇಕು, ಎಷ್ಟು ಉದ್ದವಿರಬೇಕು ಎಂಬುದನ್ನು ಮೂಳೆಯನ್ನು ಕೊರೆಯುವ ಮುನ್ನವೇ ನಿರ್ಧರಿಸಬಹುದು.

ಭಾರತದ ಅನುಭವ

ಈ ವಿಧಾನದಿಂದ ನಿಜವಾಗಿ ಲಾಭವಿದೆಯೇ ಎಂಬ ಪ್ರಶ್ನೆಗೆ ಉತ್ತರ ನೀಡಿದ ಅಧ್ಯಯನಗಳಲ್ಲಿ ಒಂದು ಭಾರತದಲ್ಲಿಯೇ ನಡೆದಿದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಅವರ ಸಂಗಡಿಗರು ಬೆನ್ನೆಲುಬು ಬಾಗಿದ್ದ 33 ರೋಗಿಗಳ ಎದೆಭಾಗದ ಮಣಿಗಳಿಗೆ 478 ಸ್ಕ್ರೂಗಳನ್ನು ಸೇರಿಸಿದರು. ಯಾರಿಗೆ ಯಾವ ವಿಧಾನವೆಂಬುದನ್ನು ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ನಿರ್ಧರಿಸಲಾಗಿತ್ತು. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮಾರ್ಗದರ್ಶನವಿಲ್ಲದೆ ಸೇರಿಸಿದ ಸ್ಕ್ರೂಗಳಲ್ಲಿ ಶೇಕಡಾ 23ರಷ್ಟು ಮೂಳೆತೊಟ್ಟಿನ ಗೋಡೆಯನ್ನು ದಾಟಿದ್ದವು, ಮಾರ್ಗದರ್ಶನವಿದ್ದಾಗ ಹಾಗೆ ದಾಟಿದವು ಶೇಕಡಾ 2 ಮಾತ್ರ. ಒಂದು ಸ್ಕ್ರೂ ಸೇರಿಸಲು ತಗುಲಿದ ಸರಾಸರಿ ಸಮಯವೂ ಸುಮಾರು ನಾಲ್ಕೂವರೆ ನಿಮಿಷದಿಂದ ಎರಡೂವರೆ ನಿಮಿಷದೊಳಗೆ ಇಳಿದಿತ್ತು.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಗೋಡೆ ದಾಟಿದ ಪ್ರತಿಯೊಂದು ಸ್ಕ್ರೂವೂ ರೋಗಿಗೆ ಹಾನಿ ಮಾಡುವುದಿಲ್ಲ. 2 ಮಿಲಿಮೀಟರಿನೊಳಗೆ ದಾಟಿದವುಗಳಲ್ಲಿ ಬಹುಪಾಲು ತೊಂದರೆ ಕೊಡುವುದಿಲ್ಲ. ಅಲ್ಲದೆ ಈ ರೋಗಿಗಳ ಬೆನ್ನೆಲುಬು ಬಾಗಿದ್ದುದರಿಂದ ಅವರ ಚಿಕಿತ್ಸೆ ಮೊದಲೇ ಕಠಿಣವಾದುದು. ಸ್ಕ್ರೂ ಸರಿಯಾದ ಸ್ಥಳದಲ್ಲಿ ಕೂರುತ್ತದೆಂಬುದು ಅನೇಕ ಅಧ್ಯಯನಗಳಿಂದ ದೃಢಪಟ್ಟಿದೆ. ಆದರೆ ವರ್ಷಗಳ ನಂತರ ರೋಗಿಯ ನೋವು ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆಂಬುದು ಅಷ್ಟು ಸ್ಪಷ್ಟವಾಗಿ ಸಿದ್ಧವಾಗಿಲ್ಲ. ನೋವಿನ ಪರಿಹಾರವು ರೋಗದ ಸ್ವರೂಪವನ್ನೂ ಶಸ್ತ್ರಚಿಕಿತ್ಸೆಯ ನಿರ್ಧಾರ ಸರಿಯಾಗಿತ್ತೇ ಎಂಬುದನ್ನೂ ಅವಲಂಬಿಸಿದೆ.

ತಪ್ಪು ನುಸುಳುವ ದಾರಿಗಳು

ತೆರೆಯ ಮೇಲೆ ಕಾಣುವುದು ದೇಹವಲ್ಲ, ದೇಹದ ನಕಾಶೆ. ಚಿತ್ರ ತೆಗೆದ ಮೇಲೆ ದೇಹದಲ್ಲಿ ಆದ ಬದಲಾವಣೆ ಆ ನಕಾಶೆಗೆ ತಿಳಿಯದು. ರೋಗಿಯನ್ನು ಅಂಗಾತ ಮಲಗಿಸಿ ತೆಗೆದ ಸಿ.ಟಿ. ಚಿತ್ರವನ್ನು, ಬೋರಲು ಮಲಗಿಸಿ ಮಾಡುವ ಶಸ್ತ್ರಚಿಕಿತ್ಸೆಗೆ ಬಳಸಿದರೆ ಮಣಿಗಳ ನಡುವಿನ ಬಾಗು ಬೇರೆಯಾಗಿರುತ್ತದೆ. ಗುರುತಿನ ಚೌಕಟ್ಟಿಗೆ ಯಾರದಾದರೂ ಮೊಣಕೈ ತಗುಲಿ ಅದು ಕೂದಲೆಳೆಯಷ್ಟು ಸರಿದರೂ ಅಳತೆಯೆಲ್ಲ ಸರಿಯುತ್ತದೆ. ಚೌಕಟ್ಟಿನಿಂದ ಹಲವು ಮಣಿಗಳಷ್ಟು ದೂರ ಹೋದಂತೆ ನಿಖರತೆ ಕುಗ್ಗುತ್ತದೆ. ಉಸಿರಾಟದಿಂದಲೂ ಶಸ್ತ್ರವೈದ್ಯನ ಕೈಯೊತ್ತಡದಿಂದಲೂ ಮಣಿ ಅಲುಗಬಹುದು. ಕ್ಯಾಮೆರಾ ಮತ್ತು ಗುಂಡುಗಳ ನಡುವೆ ಯಾರಾದರೂ ಅಡ್ಡ ನಿಂತರೆ, ಗುಂಡಿನ ಮೇಲೆ ರಕ್ತ ಅಂಟಿದರೆ ಸೂಚನೆ ನಿಲ್ಲುತ್ತದೆ. ಸೂಚನೆ ನಿಂತರೆ ವೈದ್ಯನಿಗೆ ಕೂಡಲೇ ತಿಳಿಯುತ್ತದೆ. ಆದರೆ ಚೌಕಟ್ಟು ಸರಿದಾಗ ತೆರೆಯ ಮೇಲಿನ ಚಿತ್ರ ಮೊದಲಿನಂತೆಯೇ ಸ್ಪಷ್ಟವಾಗಿರುತ್ತದೆ. ಈ ಎರಡನೆಯದೇ ಹೆಚ್ಚು ಅಪಾಯಕಾರಿ.

ಆದುದರಿಂದ ಅನುಭವಿ ಶಸ್ತ್ರವೈದ್ಯರು ಪದೇ ಪದೇ ಒಂದು ಸರಳ ಪರೀಕ್ಷೆಯನ್ನು ಮಾಡುತ್ತಾರೆ. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಮೂಳೆಯ ತುದಿಯನ್ನು ಕಡ್ಡಿಯಿಂದ ಮುಟ್ಟಿ, ತೆರೆಯೂ ಅದೇ ತುದಿಯನ್ನು ತೋರಿಸುತ್ತಿದೆಯೇ ಎಂದು ನೋಡುತ್ತಾರೆ. ಹೊಂದದಿದ್ದರೆ ಕೆಲಸ ನಿಲ್ಲಿಸಿ ಹೊಸದಾಗಿ ಹೊಂದಿಸುತ್ತಾರೆ. ಸ್ಕ್ರೂವಿನ ದಾರಿಯನ್ನು ಕೊರೆದ ಬಳಿಕ ದುಂಡನೆಯ ತುದಿಯ ಕಡ್ಡಿಯಿಂದ ನಾಲ್ಕು ಗೋಡೆಗಳನ್ನೂ ತಡವಿ ನೋಡುತ್ತಾರೆ. ನರಗಳ ಸಂದೇಶಗಳನ್ನು ವಿದ್ಯುತ್ ಉಪಕರಣಗಳಿಂದ ಗಮನಿಸುವ ಏರ್ಪಾಡೂ ಇರುತ್ತದೆ. ಅಗತ್ಯವೆನಿಸಿದರೆ ಅರಿವಳಿಕೆಯನ್ನು ತುಸು ಇಳಿಸಿ, ರೋಗಿಗೆ ಪಾದಗಳನ್ನು ಅಲುಗಿಸಲು ಹೇಳುವ ಪರೀಕ್ಷೆಯೂ ಉಂಟು. ಫ್ರಾನ್ಸಿನ ವೈದ್ಯರು ಇದನ್ನು 1973ರಲ್ಲಿ ವಿವರಿಸಿದರು. ಇತ್ತೀಚೆಗೆ ಬಂದಿರುವ ರೋಬಾಟ್ ತೋಳುಗಳು ಸಹ ಇದೇ ನಕಾಶೆಯನ್ನು ನಂಬಿ ನಡೆಯುವುದರಿಂದ ಈ ಎಚ್ಚರ ಅಲ್ಲಿಯೂ ಬೇಕು.

ಯಾರಿಗೆ ಹೆಚ್ಚು ಉಪಯುಕ್ತ?

ಬೆನ್ನೆಲುಬು ಬಾಗಿ ತಿರುಚಿಕೊಂಡವರು, ಎದೆಭಾಗದ ಕಿರಿದಾದ ತೊಟ್ಟುಗಳಿಗೆ ಸ್ಕ್ರೂ ಬೇಕಾದವರು, ಹಿಂದಿನ ಶಸ್ತ್ರಚಿಕಿತ್ಸೆಯಿಂದ ಮೂಳೆಯ ಗುರುತುಗಳು ಅಳಿಸಿಹೋದವರು, ಸಣ್ಣ ರಂಧ್ರದ ಮೂಲಕ ಶಸ್ತ್ರಚಿಕಿತ್ಸೆಗೆ ಒಳಗಾಗುವವರು, ಇವರಿಗೆ ಈ ವಿಧಾನದಿಂದ ಹೆಚ್ಚಿನ ಪ್ರಯೋಜನವಿದೆ. ತಲೆಬುರುಡೆ ಮತ್ತು ಕತ್ತು ಸೇರುವ ಜಾಗದ ದೋಷಗಳಲ್ಲಿಯೂ ಅಷ್ಟೇ. ಅಲ್ಲಿ ಮಿದುಳಿಗೆ ರಕ್ತ ಒಯ್ಯುವ ಧಮನಿಯು ಸ್ಕ್ರೂವಿನ ದಾರಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಈ ಭಾಗದ ಮೊದಲೆರಡು ಮಣಿಗಳನ್ನು ಸ್ಕ್ರೂಗಳಿಂದ ಭದ್ರಪಡಿಸುವ ವಿಧಾನವೊಂದನ್ನು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಅತುಲ್ ಗೋಯಲ್ ಅವರು 1994ರಲ್ಲಿ ಪ್ರಕಟಿಸಿದ್ದು, ಅದು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಸ್ಕ್ರೂಗಳೇ ಬೇಕಿಲ್ಲದ, ಜಾರಿದ ಡಿಸ್ಕಿನ ತುಣುಕನ್ನು ತೆಗೆಯುವಂತಹ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಈ ವ್ಯವಸ್ಥೆಯ ಅಗತ್ಯವಿರುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಬೆನ್ನುನೋವಿನಿಂದ ಬಳಲುವವರಲ್ಲಿ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ಕೆಲವು ವಾರಗಳ ಔಷಧೋಪಚಾರ, ಹಿತಮಿತವಾದ ಚಲನೆ ಮತ್ತು ವ್ಯಾಯಾಮದಿಂದ ನೋವು ಇಳಿಯುತ್ತದೆ. ಆದರೆ ಕಾಲುಗಳ ಬಲ ಕುಗ್ಗುತ್ತ ಹೋಗುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಕುಳಿತುಕೊಳ್ಳುವ ಭಾಗ ಮರಗಟ್ಟುವುದು, ಜ್ವರ ಅಥವಾ ತೂಕದ ಇಳಿಕೆಯೊಂದಿಗೆ ಬೆನ್ನುನೋವು ಬರುವುದು, ಬಿದ್ದ ಅಥವಾ ಅಪಘಾತದ ನಂತರ ತೀವ್ರ ನೋವು ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು.

ವಿಕಿರಣದ ವಿಚಾರ

ಬಿಂಬಗಳು ಹುಟ್ಟುವುದು ಕ್ಷ-ಕಿರಣದಿಂದ. ಮಾರ್ಗದರ್ಶನ ವ್ಯವಸ್ಥೆಯಿದ್ದಾಗ ಚಿತ್ರ ತೆಗೆಯುವ ಹೊತ್ತಿನಲ್ಲಿ ವೈದ್ಯರೂ ದಾದಿಯರೂ ದೂರ ಸರಿಯಬಹುದಾದ್ದರಿಂದ ಅವರಿಗೆ ತಗಲುವ ವಿಕಿರಣ ಬಹಳ ಕಡಿಮೆಯಾಗುತ್ತದೆ. ರೋಗಿಗೆ ಮಾತ್ರ ಕೆಲವೊಮ್ಮೆ ಹೆಚ್ಚು ತಗಲಬಹುದು. ಮಕ್ಕಳ ವಿಷಯದಲ್ಲಿ ಇದನ್ನು ವಿಶೇಷವಾಗಿ ಗಮನಿಸಿ ಪ್ರಮಾಣವನ್ನು ತಗ್ಗಿಸಲಾಗುತ್ತದೆ. ಗರ್ಭಿಣಿಯರು ಮೊದಲೇ ವೈದ್ಯರಿಗೆ ತಿಳಿಸಬೇಕು. ದೇಶದಲ್ಲಿ ಕ್ಷ-ಕಿರಣ ಯಂತ್ರಗಳ ಸುರಕ್ಷತೆಯನ್ನು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ನೋಡಿಕೊಳ್ಳುತ್ತದೆ.

ರೋಗಿ ಮತ್ತು ಕುಟುಂಬದವರು ಕೇಳಬೇಕಾದ ಪ್ರಶ್ನೆಗಳು

ವಿಮಾನ ನಗರದಂತಹ ಬಡಾವಣೆಗಳಲ್ಲಿ ನೆಲೆಸಿರುವ ಕುಟುಂಬವಾಗಲಿ, ವಿಜಯಪುರ ಅಥವಾ ಕಲಬುರಗಿಯ ಹಳ್ಳಿಯಿಂದ ದೊಡ್ಡ ಊರಿನ ಆಸ್ಪತ್ರೆಗೆ ಬರುವ ಕುಟುಂಬವಾಗಲಿ, ಹೊಸ ಯಂತ್ರದ ಹೆಸರನ್ನು ಕೇಳಿದೊಡನೆ ಮರುಳಾಗಬೇಕಿಲ್ಲ, ಹೆದರಬೇಕೂ ಇಲ್ಲ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ಮೊದಲು ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳುವುದು ಉಚಿತ.

1. ಈ ರೋಗಕ್ಕೆ ಶಸ್ತ್ರಚಿಕಿತ್ಸೆ ಏಕೆ ಅಗತ್ಯ? ಮಾಡಿಸದಿದ್ದರೆ ಏನಾಗಬಹುದು?

2. ಸ್ಕ್ರೂಗಳನ್ನು ಹಾಕಲಾಗುವುದೇ? ಯಾವ ಮಣಿಗಳಿಗೆ?

3. ಈ ರೋಗಿಗೆ ಬಿಂಬ ಮಾರ್ಗದರ್ಶನದಿಂದ ವಿಶೇಷ ಲಾಭವಿದೆಯೇ, ಅಥವಾ ಸಿ-ಆರ್ಮ್ ಸಾಕೇ?

4. ಸ್ಕ್ರೂ ಸರಿಯಾಗಿ ಕೂತಿದೆಯೆಂಬುದನ್ನು ಮೇಜಿನಿಂದ ಇಳಿಸುವ ಮುನ್ನ ಹೇಗೆ ಖಚಿತಪಡಿಸಲಾಗುವುದು?

5. ನರಗಳ ಸಂದೇಶವನ್ನು ಗಮನಿಸುವ ವ್ಯವಸ್ಥೆ ಇದೆಯೇ?

6. ಮಾರ್ಗದರ್ಶನ ವ್ಯವಸ್ಥೆಗೆ ಪ್ರತ್ಯೇಕ ಶುಲ್ಕವಿದೆಯೇ?

ವೆಚ್ಚದ ವಿಷಯದಲ್ಲಿ, 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯು ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ಚಿಕಿತ್ಸೆಯನ್ನು ಒದಗಿಸುತ್ತದೆ. ಯಾವ ಶಸ್ತ್ರಚಿಕಿತ್ಸೆ, ಯಾವ ಉಪಕರಣ ಇದರಲ್ಲಿ ಸೇರಿದೆ ಎಂಬುದನ್ನು ಆಸ್ಪತ್ರೆಯ ಯೋಜನಾ ಸಹಾಯಕರಿಂದ ಅಥವಾ 14555 ಸಹಾಯವಾಣಿಯಿಂದ ಮೊದಲೇ ತಿಳಿದುಕೊಳ್ಳಬೇಕು.

ಬಿಂಬ ಮಾರ್ಗದರ್ಶನವು ಶಸ್ತ್ರವೈದ್ಯನಿಗೆ ಮರೆಯಲ್ಲಿರುವುದನ್ನು ಕಾಣಿಸುತ್ತದೆ. ಕೈ ತಪ್ಪುವ ಸಂಭವವನ್ನು ಗಣನೀಯವಾಗಿ ತಗ್ಗಿಸುತ್ತದೆ. ಯಾರಿಗೆ ಶಸ್ತ್ರಚಿಕಿತ್ಸೆ ಬೇಕು ಎಂಬ ನಿರ್ಧಾರವನ್ನು ಅದು ಮಾಡಲಾರದು. ನಕಾಶೆ ಮತ್ತು ದೇಹ ಹೊಂದಿವೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸುವ ಹೊಣೆಯೂ ಮನುಷ್ಯನದೇ. ಯಂತ್ರವಿದೆಯೇ ಎಂದು ಕೇಳುವ ರೋಗಿಯು, ಅದನ್ನು ಬಳಸುವವರ ಅನುಭವವೆಷ್ಟು ಎಂಬುದನ್ನೂ ಕೇಳಿದರೆ, ಈ ವಿದ್ಯೆಯ ತಿರುಳನ್ನು ಅರಿತಂತೆಯೇ ಸರಿ.